ಲೇಸರ್ ದೃಷ್ಟಿಚಿಕಿತ್ಸೆ (ಕತಾರ್)

ಕನ್ನಡಕವನ್ನಾಗಲಿ ಕಾಂಟ್ಯಾಕ್ಟ್ ಲೆನ್ಸನ್ನಾಗಲಿ ಆಶ್ರಯಿಸದೆ ದೃಷ್ಟಿ ಸ್ಫುಟವಾಗುವಂತೆ, ಕಣ್ಣಿನ ಮುಂಭಾಗದ ಪಾರದರ್ಶಕ ಪಟಲವಾದ ಕಾರ್ನಿಯಾದ ವಕ್ರತೆಯನ್ನು ಲೇಸರ್ ಕಿರಣದಿಂದ ಮಾರ್ಪಡಿಸುವ ಶಸ್ತ್ರಕ್ರಿಯೆ. ಕಣ್ಣಿನ ವಕ್ರೀಭವನ ಶಕ್ತಿಯಲ್ಲಿ ಸುಮಾರು ಮೂರನೆಯ ಎರಡು ಪಾಲು ಈ ಪಟಲದ್ದೇ ಆದುದರಿಂದ, ಅರ್ಧ ಮಿಲಿಮೀಟರಿಗಿಂತ ಕೊಂಚವೇ ಅಧಿಕ ದಪ್ಪವುಳ್ಳ ಇದರಲ್ಲಿ ಒಂದು ಡಯಾಪ್ಟರ್ ಸಮೀಪದೃಷ್ಟಿಗೆ ಸುಮಾರು 12ರಿಂದ 15 ಮೈಕ್ರೋಮೀಟರಿನಷ್ಟು ಅಂಗಾಂಶವನ್ನು ತೆಗೆದರೆ ಸಾಕು, ಬೆಳಕು ಅಕ್ಷಿಪಟಲದ ಮೇಲೆಯೇ ಕೇಂದ್ರೀಕೃತವಾಗುತ್ತದೆ.

193 ನ್ಯಾನೋಮೀಟರ್ ತರಂಗಾಂತರದ ಎಕ್ಸೈಮರ್ ಲೇಸರ್ ಸುತ್ತಲಿನ ಭಾಗವನ್ನು ಸುಡದೆಯೇ ಅಂಗಾಂಶವನ್ನು ಪದರಪದರವಾಗಿ ಕಳೆಯಬಲ್ಲುದೆಂಬುದನ್ನು ಭಾರತಸಂಜಾತ ವಿಜ್ಞಾನಿ ರಂಗಸ್ವಾಮಿ ಶ್ರೀನಿವಾಸನ್ ಮತ್ತು ಅವರ ಸಹೋದ್ಯೋಗಿಗಳು ಅಮೆರಿಕದ ಐಬಿಎಂ ಪ್ರಯೋಗಶಾಲೆಯಲ್ಲಿ 1981ರಲ್ಲಿ ಕಂಡುಕೊಂಡರು. 1983ರಲ್ಲಿ ನೇತ್ರವೈದ್ಯ ಸ್ಟೀಫನ್ ಟ್ರೋಕೆಲ್ ಅವರೊಡನೆ ಅದನ್ನು ಕಾರ್ನಿಯಾಕ್ಕೆ ಅನ್ವಯಿಸಿದರು. ಮೇಲ್ಪದರವನ್ನು ಸರಿಸಿ ನಡೆಸುವ ಪಿಆರ್‌ಕೆ, ತೆಳುವಾದ ಮಡಿಕೆಯೊಂದನ್ನು ಎತ್ತಿ ಒಳಪದರವನ್ನು ತಿದ್ದುವ ಲೇಸಿಕ್, ಕಿರುಗಾಯದ ಮೂಲಕ ಅಂಗಾಂಶದ ಬಿಲ್ಲೆಯನ್ನು ಹೊರತೆಗೆಯುವ ಸ್ಮೈಲ್ ಎಂಬಿವು ಲೇಸರ್ ದೃಷ್ಟಿಚಿಕಿತ್ಸೆಯ ಮುಖ್ಯ ವಿಧಾನಗಳು.

ಸಮೀಪದೃಷ್ಟಿ, ಅಸಮದೃಷ್ಟಿ ಮತ್ತು ಮಿತವಾದ ದೂರದೃಷ್ಟಿ ಇದರಿಂದ ಸರಿಹೋಗುತ್ತವೆ. ಆದರೆ ನಲವತ್ತರ ಆಸುಪಾಸಿನಲ್ಲಿ ತಲೆದೋರುವ ಚಾಳೀಸು ಕಾರ್ನಿಯಾದ ದೋಷವಾಗಿರದೆ ಮಸೂರದ ಸ್ಥಿತಿಸ್ಥಾಪಕತ್ವ ಕುಗ್ಗುವುದರಿಂದ ಉಂಟಾಗುವುದಾದ ಕಾರಣ, ಯೌವನದಲ್ಲಿ ಚಿಕಿತ್ಸೆ ಪಡೆದವರಿಗೂ ಅದು ತಪ್ಪುವುದಿಲ್ಲ. ಒಂದು ಕಣ್ಣನ್ನು ದೂರಕ್ಕೂ ಇನ್ನೊಂದನ್ನು ಹತ್ತಿರಕ್ಕೂ ಹೊಂದಿಸುವುದು ಭಾಗಶಃ ಪರಿಹಾರವೇ ಹೊರತು ಪೂರ್ಣಪರಿಹಾರವಲ್ಲ. ಕಣ್ಣಿನ ಪೊರೆಗೂ ಈ ಚಿಕಿತ್ಸೆ ಉಪಾಯವಲ್ಲ.

ಕತಾರಿನಲ್ಲಿ ಸರ್ಕಾರೀ ಆಸ್ಪತ್ರೆಗಳನ್ನು 1979ರಲ್ಲಿ ಸ್ಥಾಪಿತವಾದ ಹಮದ್ ವೈದ್ಯಕೀಯ ನಿಗಮ ನಡೆಸುತ್ತದೆ. ದೋಹಾ ನಗರದ ಖಾಸಗಿ ನೇತ್ರಾಲಯಗಳಲ್ಲಿ ಲೇಸರ್ ಚಿಕಿತ್ಸೆ ದೊರೆಯುತ್ತದೆ. ಅಲ್ಲಿ ವಿಧಾನದ ಆಯ್ಕೆಯ ಮೇಲೆ ಹವೆಯ ಪ್ರಭಾವವೂ ಉಂಟು. ಲೇಸಿಕ್ ಮಡಿಕೆ ಕಾರ್ನಿಯಾದ ನರತಂತುಗಳನ್ನು ಕತ್ತರಿಸುವುದರಿಂದ ಕೆಲವು ತಿಂಗಳ ಕಾಲ ಕಣ್ಣೀರು ಕಡಿಮೆಯಾಗುತ್ತದೆ. ಬೇಸಗೆಯ 40 ಡಿಗ್ರಿ ಮೀರಿದ ತಾಪ, ವಾಯವ್ಯದ ಶಮಾಲ್ ಗಾಳಿ ತರುವ ಧೂಳು, ಹಗಲಿರುಳೆನ್ನದೆ ನಡೆಯುವ ಎ.ಸಿ. ಇವು ಆ ಶುಷ್ಕತೆಯನ್ನು ಮತ್ತಷ್ಟು ಬಾಧಕವಾಗಿಸುತ್ತವೆ. ಪಿಆರ್‌ಕೆಯಲ್ಲಿ ಮಡಿಕೆಯ ತೊಂದರೆಯಿಲ್ಲವಾದರೂ, ಗಾಯ ಮಾಯುವ ತಿಂಗಳುಗಳಲ್ಲಿ ತೀವ್ರವಾದ ಅತಿನೇರಳೆ ಕಿರಣಗಳಿಂದ ಕಾರ್ನಿಯಾ ಮಸುಕಾಗುವ ಸಂಭವವಿರುವುದರಿಂದ, ಹೊರಗಡೆ ದುಡಿಯುವವರಿಗೆ ತಂಪು ಕನ್ನಡಕ ಅನಿವಾರ್ಯ. ರಜೆಯಲ್ಲಿ ಮಂಗಳೂರಿಗೋ ಬೆಂಗಳೂರಿಗೋ ಬಂದು ಚಿಕಿತ್ಸೆ ಪಡೆಯಬಯಸುವ ಅನಿವಾಸಿ ಕನ್ನಡಿಗರು ಮರಳುವ ಮುನ್ನ ಮರುತಪಾಸಣೆಗೆ ದಿನಗಳನ್ನು ಮೀಸಲಿರಿಸುವುದು ಉಚಿತ.

ಮಧ್ಯಪ್ರಾಚ್ಯದಲ್ಲಿ ಅಧಿಕವಾಗಿ ಕಂಡುಬರುವ, ಕಾರ್ನಿಯಾ ತೆಳುವಾಗಿ ಶಂಕುವಿನಂತೆ ಉಬ್ಬುವ ಕೆರಟೋಕೋನಸ್ ರೋಗವಿದ್ದವರಿಗೆ ಲೇಸಿಕ್ ನಿಷಿದ್ಧ. ಆದುದರಿಂದ ಪಟಲದ ಮೇಲ್ಮೈಯ ನಕ್ಷೆಯನ್ನೂ ದಪ್ಪವನ್ನೂ ಮೊದಲು ಪರೀಕ್ಷಿಸಬೇಕು. ಹದಿನೆಂಟು ವರ್ಷ ತುಂಬದವರು, ಕನ್ನಡಕದ ನಂಬರು ವರ್ಷದೊಳಗೆ ಬದಲಾದವರು ಮತ್ತು ಗರ್ಭಿಣಿಯರು ಕಾಯುವುದು ಲೇಸು. ಕಾರ್ನಿಯಾ ತೆಳುವಾಗಿದ್ದು ದೋಷ ಅಧಿಕವಾಗಿದ್ದರೆ, ಸಹಜ ಮಸೂರವನ್ನು ಉಳಿಸಿಕೊಂಡೇ ಅದರ ಮುಂದೆ ಕೃತಕ ಮಸೂರವನ್ನು ಇರಿಸುವ ಶಸ್ತ್ರಕ್ರಿಯೆಯನ್ನು ವೈದ್ಯರು ಪರಿಶೀಲಿಸುತ್ತಾರೆ.