ಬಿಳಿ ಹಿಟ್ಟಿನೊಳಗೆ ಶತ್ರು ಯಾರು, ಮಿತ್ರ ಯಾರು?

ಕಾಂದಿವಲಿ, ಬೊರಿವಲಿಯಂಥ ಮುಂಬೈ ಉಪನಗರಗಳ ರಸ್ತೆಗೆ ಕೊಡೆ ಬಿಚ್ಚಿದಂತೆ ನೆರಳು ಕೊಡುವುದು ಮಳೆಮರ. ಅದು ಅಮೆರಿಕ ಖಂಡದ ಬಿಸಿನಾಡುಗಳಿಂದ ಬಂದು ಇಲ್ಲಿ ಬೇರೂರಿದ ಮರ. ಹಿಂದಿನ ದಶಕದಲ್ಲಿ ಮುಂಬೈಯ ಮಳೆಮರಗಳು ಒಂದೊಂದಾಗಿ ಒಣಗತೊಡಗಿದವು. ರೆಂಬೆಗಳ ಮೇಲೆ ಹತ್ತಿ ಅಂಟಿಸಿದಂಥ ಬಿಳಿ ಗಂಟುಗಳು ಕಂಡವು. ಅದು ಹಿಟ್ಟು ತಿಗಣೆ. ಬುಡಕ್ಕೆ ಸುರಿದ ಕಾಂಕ್ರೀಟ್ ಮರಗಳನ್ನು ಮೊದಲೇ ಬಳಲಿಸಿತ್ತು ಎಂಬ ಮಾತೂ ಇತ್ತು. ಒಣಮರ ನಿಂತಲ್ಲೇ ಉಳಿದರೆ ಮಳೆಗಾಲದ ಗಾಳಿಗೆ ಯಾರ ತಲೆಯ ಮೇಲೆ ಬೀಳುತ್ತದೋ ಹೇಳಲಾಗದು.

ಹಿಟ್ಟು ತಿಗಣೆಯನ್ನು ಔಷಧಿ ಹೊಡೆದು ಗೆಲ್ಲುವುದು ಕಷ್ಟ. ಅದರ ಮೈಮೇಲಿನ ಮೇಣದ ಪುಡಿ ಸಿಂಪಡಣೆಯನ್ನು ಒಳಗೆ ಬಿಡುವುದಿಲ್ಲ. ಅದು ಸ್ರವಿಸುವ ಸಿಹಿ ಅಂಟಿಗಾಗಿ ಇರುವೆಗಳು ಕಾವಲು ನಿಲ್ಲುತ್ತವೆ. ಅದೇ ಅಂಟಿನ ಮೇಲೆ ಕಪ್ಪು ಬೂಷ್ಟು ಬೆಳೆದು ಎಲೆಗೆ ಬಿಸಿಲು ತಾಗದಂತಾಗುತ್ತದೆ.

ಇದೇ ಕುಲದ ಇನ್ನೊಂದು ಹುಳುವನ್ನು ದಕ್ಷಿಣ ಭಾರತ ಗೆದ್ದ ಕಥೆ ಇಲ್ಲಿ ನೆನೆಯಬೇಕಾದದ್ದು. ಮೆಕ್ಸಿಕೊ ಮೂಲದ ಪಪ್ಪಾಯಿ ಹಿಟ್ಟು ತಿಗಣೆ ಭಾರತದಲ್ಲಿ ಮೊದಲು ಗುರುತಾದದ್ದು 2008ರಲ್ಲಿ, ಕೊಯಮತ್ತೂರಿನಲ್ಲಿ. ಪಪ್ಪಾಯಿ, ಮರಗೆಣಸು, ಹಿಪ್ಪುನೇರಳೆ, ದಾಸವಾಳ, ಯಾವುದನ್ನೂ ಅದು ಬಿಡಲಿಲ್ಲ. ಪಾರ್ಥೇನಿಯಂ ಕಳೆಯಲ್ಲೂ ಅಡಗಿ ಬದುಕಿತು. ಕರ್ನಾಟಕ, ಕೇರಳ, ಮಹಾರಾಷ್ಟ್ರಗಳಿಗೂ ಹಬ್ಬಿತು. ರೇಷ್ಮೆ ಬೆಳೆಗಾರರದು ಇಕ್ಕಟ್ಟಿನ ಸ್ಥಿತಿ: ಸೊಪ್ಪಿಗೆ ವಿಷ ಹೊಡೆದರೆ ರೇಷ್ಮೆಹುಳು ಸಾಯುತ್ತದೆ, ಹೊಡೆಯದಿದ್ದರೆ ಸೊಪ್ಪೇ ಉಳಿಯದು.

ತವರಿನಲ್ಲಿ ಈ ತಿಗಣೆಯನ್ನು ಹದ್ದುಬಸ್ತಿನಲ್ಲಿಡುವ ಕಣಜಗಳಿವೆ. ಇಲ್ಲಿಗೆ ಹುಳು ಮಾತ್ರ ಬಂದಿತ್ತು. ಬೆಂಗಳೂರಿನ ಹೆಬ್ಬಾಳದಲ್ಲಿರುವ ರಾಷ್ಟ್ರೀಯ ಕೃಷಿ ಕೀಟ ಸಂಸ್ಥೆ 2010ರಲ್ಲಿ ಪೋರ್ಟೊ ರಿಕೊದಿಂದ ಮೂರು ಜಾತಿಯ ಕಣಜಗಳನ್ನು ತರಿಸಿತು. ಅವು ಬೇರೆ ಜೀವಿಗಳಿಗೆ ತೊಂದರೆ ಕೊಡುವುದಿಲ್ಲವೆಂದು ಪರೀಕ್ಷಿಸಿದ ಮೇಲೆ ಹೊಲಗಳಿಗೆ ಬಿಡಲಾಯಿತು. ಅವುಗಳಲ್ಲಿ ಚೆನ್ನಾಗಿ ನೆಲೆಯೂರಿದ್ದು ಅಸೆರೊಫೇಗಸ್ ಪಪಾಯೆ. ಎಳ್ಳಿಗಿಂತ ಸಣ್ಣ ಈ ಕಣಜ ತಿಗಣೆಯೊಳಗೆ ಮೊಟ್ಟೆಯಿಡುತ್ತದೆ. ಮರಿ ಒಳಗಿಂದ ತಿಂದು, ಟೊಳ್ಳು ಚಿಪ್ಪಿಗೆ ತೂತು ಕೊರೆದು ಹೊರಬರುತ್ತದೆ. ಕೆಲವೇ ತಿಂಗಳುಗಳಲ್ಲಿ ತೋಟಗಳು ಮತ್ತೆ ಹಸಿರಾದವು.

ಆದರೆ ಕಣಜ ಬಿಟ್ಟ ತೋಟದಲ್ಲಿ ವಿಷ ಹೊಡೆಯಬಾರದು. ಬೆಳೆ ಬೆಳ್ಳಗಾಗುತ್ತಿರುವುದನ್ನು ಕಣ್ಣಾರೆ ನೋಡುತ್ತ, ಸಾಲದ ಚಿಂತೆಯ ನಡುವೆ ಕೈಕಟ್ಟಿ ಕಾಯುವುದು ರೈತನಿಗೆ ಸುಲಭವಲ್ಲ. ಎಲೆಯ ಅಡಿಭಾಗ ತಿರುವಿ, ತೂತುಬಿದ್ದ ಚಿಪ್ಪುಗಳನ್ನು ಗುರುತಿಸಲು ಕಲಿತವನಿಗೆ ಮಾತ್ರ ಆ ಧೈರ್ಯ ಬರುತ್ತದೆ.

ನೋಡಿ ಗುರುತಿಸದಿದ್ದರೆ ಮಿತ್ರನನ್ನೇ ಕೊಲ್ಲುವ ಅಪಾಯವುಂಟು. 1898ರಲ್ಲಿ ಕಾಫಿಯ ಹಸಿರು ಶಲ್ಕ ಕೀಟಕ್ಕೆಂದು ಆಸ್ಟ್ರೇಲಿಯಾದಿಂದ ಕ್ರಿಪ್ಟೋಲೀಮಸ್ ಎಂಬ ಗುಲಗಂಜಿ ಹುಳುವನ್ನು ತರಲಾಯಿತು. ಆ ಕೆಲಸದಲ್ಲಿ ಅದು ಸೋತಿತು. ಆದರೆ ಕರ್ನಾಟಕದಲ್ಲಿ ನೆಲೆಸಿ, ಕಾಫಿ ಮತ್ತು ದ್ರಾಕ್ಷಿಯ ಹಿಟ್ಟು ತಿಗಣೆಗಳನ್ನು ತಿನ್ನುವ ನೆಂಟನಾಯಿತು. ಅದರ ಮರಿಯ ಮೈಯೂ ಬಿಳಿ ಮೇಣದ ಎಳೆಗಳಿಂದ ಮುಚ್ಚಿರುತ್ತದೆ, ನೋಡಲು ಹಿಟ್ಟು ತಿಗಣೆಯಂತೆಯೇ. ಗೊತ್ತಿಲ್ಲದವರು ಅದನ್ನೇ ಹೊಸಕಿ ಹಾಕುತ್ತಾರೆ.

ಪಪ್ಪಾಯಿ ತಿಗಣೆಯ ಕಣಜವನ್ನು ತಂದು ಕಾಂದಿವಲಿಯ ಮಳೆಮರಕ್ಕೆ ಬಿಟ್ಟರೆ ಸಾಲದು. ಅದಕ್ಕೆ ಬೇಕಾದದ್ದು ತನ್ನದೇ ತಿಗಣೆ. ಮರದ ಮೇಲಿರುವುದು ಯಾವ ಜಾತಿ, ಅದನ್ನು ತಿನ್ನುವವರು ಈಗಾಗಲೇ ಬಂದಿದ್ದಾರೆಯೇ ಎಂಬುದು ಮೊದಲು ತಿಳಿಯಬೇಕು. ಅದಕ್ಕೆ ದೊಡ್ಡ ಯಂತ್ರ ಬೇಕಿಲ್ಲ. ಕಾರಿನ ಗಾಜಿನ ಮೇಲೆ ಅಂಟು ಬಿದ್ದ ದಿನವೇ ತಲೆಯೆತ್ತಿ ನೋಡುವ, ಬಿದ್ದ ರೆಂಬೆಯನ್ನು ಕೀಟತಜ್ಞರಿಗೆ ತಲುಪಿಸುವ, ಬುಡದ ಕಾಂಕ್ರೀಟ್ ಬಿಡಿಸುವ ನಾಲ್ಕು ಜನ ಬೇಕು. ಮರ ಒಣಗಿದ ಮೇಲೆ ಬರುವುದು ಗರಗಸ ಮಾತ್ರ.