ಕೊರೋನಾ ಆರಂಭಕಾಲದ ಪ್ರತಿಕ್ರಿಯೆಗಳು: ಮೈಸೂರು ಜಿಲ್ಲೆಯ ನಾಲ್ಕು ತಾಲ್ಲೂಕುಗಳು

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ಮತ್ತು ಹೆಗ್ಗಡದೇವನಕೋಟೆ ತಾಲ್ಲೂಕುಗಳಲ್ಲಿ 2020ರ ಮಾರ್ಚ್ 22ರ ಜನತಾ ಕರ್ಫ್ಯೂ ಹಾಗೂ 25ರಿಂದ ದೇಶದಾದ್ಯಂತ ಜಾರಿಗೆ ಬಂದ ಲಾಕ್‌ಡೌನ್, ಎಂದರೆ ಸಂಚಾರ ಮತ್ತು ವ್ಯವಹಾರಗಳ ಕಟ್ಟುನಿಟ್ಟಿನ ನಿರ್ಬಂಧ, ಜನಜೀವನವನ್ನು ಒಮ್ಮೆಲೇ ಸ್ತಬ್ಧಗೊಳಿಸಿದವು. ಅದೇ ವಾರ ನಂಜನಗೂಡಿನ ಔಷಧ ಕಾರ್ಖಾನೆಯೊಂದರ ನೌಕರನಲ್ಲಿ ಸೋಂಕು ದೃಢಪಟ್ಟು, ಬಳಿಕ ಸಹೋದ್ಯೋಗಿಗಳಿಗೂ ಹರಡಿದ್ದರಿಂದ ಜಿಲ್ಲೆಯ ಆತಂಕ ಇಮ್ಮಡಿಯಾಯಿತು. ರಾಜ್ಯದ ಅನೇಕ ಊರುಗಳಂತೆ ಈ ಭಾಗದ ಹಳ್ಳಿಗರೂ ಊರಬಾಗಿಲಿಗೆ ಮುಳ್ಳಿನ ಕೊಂಬೆ, ಕಲ್ಲುಗಳನ್ನು ಅಡ್ಡವಿಟ್ಟು ಹೊರಗಿನವರನ್ನು ತಡೆದರು. ಇದು ಭಯದಿಂದ ಹುಟ್ಟಿದ ಶಿಸ್ತಾದರೂ, ಬೆಂಗಳೂರಿನಿಂದ ಮರಳಿದ ಸ್ವಂತ ಊರಿನ ಮಕ್ಕಳನ್ನೇ ಅನುಮಾನದಿಂದ ಕಾಣುವಂತೆ ಮಾಡಿದ್ದು ನೋವಿನ ಸಂಗತಿ.

ಹೆಚ್ಚು ಪೆಟ್ಟು ಬಿದ್ದದ್ದು ಕೂಲಿಯವರಿಗೆ. ಹುಣಸೂರು ಮತ್ತು ಹೆಗ್ಗಡದೇವನಕೋಟೆ ತಾಲ್ಲೂಕುಗಳ ಹಾಡಿಗಳಲ್ಲಿ, ಅಂದರೆ ಕಾಡಂಚಿನ ಆದಿವಾಸಿ ವಸತಿಗಳಲ್ಲಿ, ನೆಲೆಸಿರುವ ಜೇನುಕುರುಬ ಮುಂತಾದ ಸಮುದಾಯದವರು ಕೊಡಗಿನ ಕಾಫಿ ತೋಟಗಳ ದುಡಿಮೆಯನ್ನೇ ನೆಚ್ಚಿದ್ದರಿಂದ, ದಾರಿ ಮುಚ್ಚಿದೊಡನೆ ಅವರಿಗೆ ಪಡಿತರದ ಅಕ್ಕಿಯೇ ಆಸರೆಯಾಯಿತು. ಕೇರಳದ ವಯನಾಡಿಗೆ ಹೋಗುವ ಬಾವಲಿ ಗಡಿಯಲ್ಲಿಯೂ ಸಂಚಾರಕ್ಕೆ ಅಡ್ಡಿಯುಂಟಾಯಿತು.

ರಾಜ್ಯದಲ್ಲಿ ಬಿ.ಎಸ್. ಯಡಿಯೂರಪ್ಪನವರ ಬಿಜೆಪಿ ಸರ್ಕಾರವಿದ್ದಾಗ ಈ ನಾಲ್ಕೂ ಕ್ಷೇತ್ರಗಳ ಶಾಸಕರು ವಿರೋಧ ಪಕ್ಷದವರಾಗಿದ್ದರು: ಹುಣಸೂರು, ಹೆಗ್ಗಡದೇವನಕೋಟೆಗಳಲ್ಲಿ ಕಾಂಗ್ರೆಸ್‌ನ ಎಚ್.ಪಿ. ಮಂಜುನಾಥ್ ಮತ್ತು ಅನಿಲ್ ಚಿಕ್ಕಮಾದು. ಪಿರಿಯಾಪಟ್ಟಣ, ಕೃಷ್ಣರಾಜನಗರಗಳಲ್ಲಿ ಜೆಡಿಎಸ್‌ನ ಕೆ. ಮಹದೇವ್ ಮತ್ತು ಸಾ.ರಾ. ಮಹೇಶ್. ಮೇ 6ರಂದು ಸರ್ಕಾರ ಘೋಷಿಸಿದ 1,610 ಕೋಟಿ ರೂಪಾಯಿಯ ಪರಿಹಾರದಲ್ಲಿ ಅಗಸರು, ಕ್ಷೌರಿಕರು, ಆಟೋ ಚಾಲಕರಿಗೆ ತಲಾ 5,000 ರೂಪಾಯಿ ನಿಗದಿಯಾಯಿತು.