ದೋಣಿಯ ತಳದಲ್ಲೊಂದು ಸತುವಿನ ತುಂಡು

ಫೈಬರ್ ದೋಣಿಗೆ ತುಕ್ಕು ಹಿಡಿಯಲ್ಲ. ಹಾಗಾದ್ರೆ ಸಿಹಿನೀರಿನ ಸರೋವರದಲ್ಲಿದ್ದ ದೋಣಿಯನ್ನ ಹಾಗೇ ಕಡಲಿಗೆ ಇಳಿಸಬಹುದಾ? ಇಳಿಸಬಾರದು. ಮೈ ಫೈಬರ್ ಆದ್ರೂ ಪ್ರೊಪೆಲ್ಲರ್, ಅದರ ಶಾಫ್ಟ್, ತಳದ ತೂತಿಗೆ ಕೂರಿಸಿದ ವಾಲ್ವ್, ಎಲ್ಲಾ ಲೋಹವೇ. ಆ ವಾಲ್ವ್ ಸವೆದು ಮುರಿದರೆ ದೋಣಿ ಮುಳುಗಬಹುದು. ಇವತ್ತಿನ ಕಂತು ಈ ಸವೆತದ ಕಥೆ.

1761ರಲ್ಲಿ ಬ್ರಿಟಿಷ್ ನೌಕಾಪಡೆ ‘ಅಲಾರ್ಮ್’ ಅನ್ನೋ ಮರದ ಹಡಗಿನ ತಳಕ್ಕೆ ತಾಮ್ರದ ತಗಡು ಹೊಡೆಸಿತು. ಮರ ಕೊರೆಯುವ ಹುಳದ ಕಾಟ ತಪ್ಪಿತು. ಆದ್ರೆ ಎರಡು ವರ್ಷದ ನಂತರ ಪರೀಕ್ಷಿಸಿದಾಗ ತಾಮ್ರಕ್ಕೆ ತಾಗಿದ್ದ ಕಬ್ಬಿಣದ ಮೊಳೆಗಳು ತಿಂದುಹೋಗಿದ್ದವು. ನಡುವೆ ಕಂದು ಕಾಗದ ಉಳಿದಿದ್ದ ಕಡೆ ಮಾತ್ರ ಮೊಳೆ ಗಟ್ಟಿಯಾಗಿತ್ತು.

ಕಾರಣ ಸರಳ. ಎರಡು ಬೇರೆ ಲೋಹಗಳು ಒಂದಕ್ಕೊಂದು ತಾಗಿ ಉಪ್ಪುನೀರಲ್ಲಿ ನಿಂತರೆ ಅದು ಬ್ಯಾಟರಿ ಆಗುತ್ತೆ. ಒಂದು ಲೀಟರ್ ಕಡಲ ನೀರಲ್ಲಿ ಸುಮಾರು 35 ಗ್ರಾಂ ಉಪ್ಪಿರುತ್ತೆ. ಹಾಗಾಗಿ ಸಿಹಿನೀರಿಗಿಂತ ಅದರಲ್ಲಿ ವಿದ್ಯುತ್ ಸಲೀಸಾಗಿ ಹರಿಯುತ್ತೆ, ಎರಡರಲ್ಲಿ ಒಂದು ಲೋಹ ಕರಗುತ್ತೆ.

1824ರಲ್ಲಿ ವಿಜ್ಞಾನಿ ಹಂಫ್ರಿ ಡೇವಿ ಇದೇ ಗುಣವನ್ನ ಕೆಲಸಕ್ಕೆ ಹಚ್ಚಿದ. ತಾಮ್ರದ ತಗಡೂ ಸವೆಯುತ್ತಿತ್ತಲ್ಲ, ಅದಕ್ಕೆ ಸತುವಿನದೋ ಕಬ್ಬಿಣದ್ದೋ ತುಂಡು ಜೋಡಿಸಿದರೆ ತಾಮ್ರದ ಬದಲು ಆ ತುಂಡೇ ಕರಗುತ್ತೆ ಅಂತ ತೋರಿಸಿದ. ತಾಮ್ರ ಉಳಿಯಿತು. ಆದ್ರೆ ತಳದ ತುಂಬ ಪಾಚಿ, ಚಿಪ್ಪುಜೀವಿಗಳು ಮೆತ್ತಿಕೊಂಡು ಹಡಗು ನಿಧಾನವಾಯಿತು. ಯಾಕಂದ್ರೆ ಅವನ್ನ ದೂರ ಇಡುತ್ತಿದ್ದದ್ದೇ ಕರಗುವ ತಾಮ್ರದ ವಿಷ! ನೌಕಾಪಡೆ ಆ ತುಂಡುಗಳನ್ನ ಕಿತ್ತು ಹಾಕಿಸಿತು.

ಈಗ 1942ಕ್ಕೆ ಬನ್ನಿ. ಅಮೆರಿಕದ ಒಹಾಯೊದಲ್ಲಿ, ಸಿಹಿನೀರಿನ ಈರಿ ಸರೋವರದ ಪಕ್ಕದ ಟೊಲೆಡೊ ಊರಲ್ಲಿ ರೇ ಗ್ರೀನ್ ಫೈಬರ್‌ಗ್ಲಾಸ್ ದೋಣಿ ಮಾಡಿದ. ಇಂಥ ಮೊದಮೊದಲ ದೋಣಿಗಳಲ್ಲಿ ಅದೂ ಒಂದು. ಡೇವಿಯ ಗಂಟು ಬಿಚ್ಚಿದ್ದು ಇಂಥ ಮೈ ಅಂತ ನನಗನ್ನಿಸುತ್ತೆ. ತಳವೇ ಲೋಹ ಅಲ್ಲದ ಮೇಲೆ ಎರಡು ಕೆಲಸ ಬೇರೆಬೇರೆಯಾದವು: ಪಾಚಿ ತಡೆಯೋಕೆ ತಾಮ್ರ ಬೆರೆಸಿದ ಪೇಂಟ್, ಪ್ರೊಪೆಲ್ಲರ್ ಉಳಿಸೋಕೆ ಡೇವಿಯ ತುಂಡು. ಇದನ್ನೇ ಇವತ್ತು ಆನೋಡ್ ಅಂತಾರೆ.

ನೀರು ಬದಲಾದರೆ ಆನೋಡೂ ಬದಲಾಗಬೇಕು. ಸಿಹಿನೀರಿಗೆ ಮೆಗ್ನೀಸಿಯಂ ಸರಿ. ಕಡಲಲ್ಲಿ ಅದು ಬೇಗ ಕರಗಿ ಮುಗಿಯುತ್ತೆ, ಆಮೇಲೆ ಸವೆಯೋದು ಪ್ರೊಪೆಲ್ಲರ್, ವಾಲ್ವ್. ಅಲ್ಲಿಗೆ ಸತು ಅಥವಾ ಅಲ್ಯೂಮಿನಿಯಂ ಬೇಕು. ಇಳಿಸೋ ಮುಂಚೆ ತಳಕ್ಕೆ ಪಾಚಿ ತಡೆಯುವ ಪೇಂಟ್ ಬೇಕು. ಕಡಲ ನೀರಿನಿಂದಲೇ ತಣ್ಣಗಾಗುವ ಔಟ್‌ಬೋರ್ಡ್ ಎಂಜಿನ್ ಆದ್ರೆ ಬಳಸಿದ ಮೇಲೆ ಪ್ರತಿಸಲ ಅದರೊಳಗೆ ಸಿಹಿನೀರು ಹಾಯಿಸಬೇಕು.

ಬಿ.ಕಾಂ. ಓದಿದ ನನಗೆ ಆನೋಡ್ ಖರ್ಚಿನ ಕಲಮ್ಮಿಗೆ ಸೇರಿದ್ದು, ಆಸ್ತಿಯ ಕಲಮ್ಮಿಗಲ್ಲ. ಆರು ತಿಂಗಳು ಕಡಲಲ್ಲಿದ್ದ ದೋಣಿಯನ್ನ ಮೇಲೆತ್ತಿದಾಗ ಅದು ಹೊಸದರಂತೆ ಹೊಳೀತಿದ್ರೆ ಉಳಿತಾಯ ಅಂದ್ಕೋಬೇಡಿ. ಅದು ಕೆಲಸ ಮಾಡಿಲ್ಲ, ಬೇರೆ ಯಾವುದೋ ಲೋಹ ಸವೆದಿರಬಹುದು. ಮೊದಲು ವಾಲ್ವ್ ನೋಡಿ.

ಮುಂದಿನ ಕಂತಿನಲ್ಲಿ ಸಿಗೋಣ.